ಮಡಿಕೆ ಗೆರೆ ಹಾಗೇ ಇರಲಿ

ಉಡುಪಿ, 20 ಜುಲೈ 2024, ಶನಿವಾರ

ಬೆಳಿಗ್ಗೆಯಿಂದ ಮಳೆ ಬಿಟ್ಟಿಲ್ಲ. ಅಮೆರಿಕದಿಂದ ಬಂದ ಚಿಕ್ಕಪ್ಪನ ಮಗ ನಿನ್ನೆ ರಾತ್ರಿ ಸೂಟ್‌ಕೇಸಿನ ತಳದಿಂದ ‘ಇರೇಸರ್‌ಹೆಡ್’ ಸಿನಿಮಾದ ಪೋಸ್ಟರ್ ತೆಗೆದುಕೊಟ್ಟ. ಅಮ್ಮನ ಹೊಲಿಗೆ ಟೇಪ್ ತಂದು ಅಳೆದೆ. ಅಗಲ 27 ಇಂಚು, ಉದ್ದ 41. 1970ರ ದಶಕದ ಅಮೆರಿಕದ ಸಿನಿಮಾ ಪೋಸ್ಟರ್‌ಗಳ ಅಳತೆ ಅದೇ. ಈಗ ಮಾರುವ ನಕಲುಗಳು ಹೆಚ್ಚಾಗಿ 24ಕ್ಕೆ 36.

ಕಪ್ಪು ಬಿಳುಪು. ಕೂದಲು ನೆಟ್ಟಗೆ ನಿಂತ ಒಬ್ಬ ಗಂಡಸು, ತಲೆಯ ಹಿಂದಿನಿಂದ ಬೆಳಕು. ಅಷ್ಟೇ. ಅಮೆರಿಕದ ನಿರ್ದೇಶಕ ಡೇವಿಡ್ ಲಿಂಚ್ ದುಡ್ಡು ಹೊಂದಿಸಿಕೊಳ್ಳುತ್ತಾ ವರ್ಷಗಟ್ಟಲೆ ತೆಗೆದ ಚಿತ್ರ. 1977ರಲ್ಲಿ ತೆರೆಗೆ ಬಂತು. ಬೆನ್ ಬೇರನ್‌ಹೋಲ್ಟ್ಸ್ ಎಂಬ ವಿತರಕರು ಅದನ್ನು ನ್ಯೂಯಾರ್ಕ್‌ನಲ್ಲಿ ಮಧ್ಯರಾತ್ರಿಯ ಆಟಕ್ಕೆ ಹಾಕಿದರು. ನೋಡಿದವರು ಇನ್ನೊಬ್ಬರಿಗೆ ಹೇಳಿ ಹೇಳಿಯೇ ಚಿತ್ರ ಓಡಿತು. ಹೊರಗೆ ಜನರನ್ನು ನಿಲ್ಲಿಸಲು ಇದ್ದದ್ದು ಈ ಒಂದು ಮುಖ. ಅದಕ್ಕೇ ನನಗೆ ಇದು ಜಾಹೀರಾತು ಅನ್ನಿಸುವುದಿಲ್ಲ, ಚಿತ್ರದ್ದೇ ಒಂದು ತುಂಡು ಅನ್ನಿಸುತ್ತದೆ.

ಮಧ್ಯಾಹ್ನ ಫ್ರೇಮ್ ಅಂಗಡಿಗೆ ಒಯ್ದೆ. “ಇಸ್ತ್ರಿ ಹಾಕಿ ಮಡಿಕೆ ತೆಗೀತೇನೆ ಮಾರಾಯ್ರೆ. ಪ್ಲೈವುಡ್‌ಗೆ ಅಂಟಿಸಿ ಲ್ಯಾಮಿನೇಷನ್ ಮಾಡಿದ್ರೆ ಮತ್ತೆ ಚಿಂತೆ ಇಲ್ಲ” ಎಂದರು. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಆದರೆ ನನಗೆ ಎದೆ ಧಸಕ್ಕೆಂದಿತು. ಲ್ಯಾಮಿನೇಷನ್ ಮಾಡಿದ್ದನ್ನು ಮತ್ತೆ ಬಿಡಿಸಲು ಆಗುವುದಿಲ್ಲ, ಅಲ್ವಾ? ಹಳೇ ಕಾಗದ ಉಳಿಸುವವರು ಗೋಧಿ ಗಂಜಿಯ ಅಂಟು, ತೆಳು ಜಪಾನೀ ಕಾಗದ ಬಳಸುತ್ತಾರೆ. ನಾಳೆ ಬೇಕೆಂದರೆ ನೀರಿನಲ್ಲೇ ಬಿಡಿಸಬಹುದು. ಇನ್ನು ಮಡಿಕೆ. 1980ರ ದಶಕದವರೆಗೆ ಅಮೆರಿಕದ ಹೆಚ್ಚಿನ ಪೋಸ್ಟರ್‌ಗಳು ಥಿಯೇಟರಿಗೆ ಹೋಗುತ್ತಿದ್ದದ್ದೇ ಮಡಚಿ. ಆ ಗೆರೆ ಅದರ ಪ್ರಯಾಣದ ಗುರುತು. ಅದನ್ನು ಯಾಕೆ ಅಳಿಸಬೇಕು?

ನಮ್ಮ ಕರಾವಳಿಯಲ್ಲಿ ನಿಜವಾದ ಶತ್ರು ತೇವ. ಆಟಿ ತಿಂಗಳಲ್ಲಿ ಚಪ್ಪಲಿಗೂ ಬೂಸು ಬರುತ್ತದೆ, ಕಾಗದ ಎಷ್ಟರದ್ದು! ಮಳೆ ಹೊಡೆಯುವ ಗೋಡೆಗೆ ತೂಗುಹಾಕುವಂತಿಲ್ಲ. ಗಾಜು ಕಾಗದಕ್ಕೆ ತಾಗಬಾರದು. ಫ್ರೇಮಿನ ಹಿಂದೆ ಗಾಳಿಗೆ ಜಾಗ ಬೇಕು.

ವಾಪಸ್ ಬರುವಾಗ ‘ಸಂಸ್ಕಾರ’ ನೆನಪಾಯಿತು. ಸೆನ್ಸಾರ್ ಮೊದಲು ತಡೆದ ಚಿತ್ರ, ಆಮೇಲೆ 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ನಮ್ಮ ಗೋಡೆಗಳ ಮೇಲೆ ಪೋಸ್ಟರ್‌ಗೆ ಮೈದಾ ಅಂಟು, ಮುಂದಿನ ಶುಕ್ರವಾರ ಅದರ ಮೇಲೆ ಇನ್ನೊಂದು. ಅಂಥ ಚಿತ್ರದ ಒಂದು ಹಾಳೆಯಾದರೂ ಯಾರ ಅಟ್ಟದಲ್ಲಾದರೂ ಇದ್ದೀತೇ? ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ.

ಸದ್ಯಕ್ಕೆ ಪೋಸ್ಟರ್ ಕಪಾಟಿನ ಮೇಲಿನ ತಟ್ಟಿನಲ್ಲಿದೆ, ಅಮ್ಮನ ರೇಷ್ಮೆ ಸೀರೆಗಳ ಪಕ್ಕ. ಜಾಗ ಮಾಡಿಕೊಟ್ಟದ್ದು ಅಮ್ಮನೇ.