ಬೆನ್ನ ಹಿಂದಿನ ನಗಾರಿ

ಮಗಳ ಬಾಣಂತನಕ್ಕೆಂದು ಬರ್ಲಿನ್ನಿಗೆ ಹೋದವಳು ನಾನು. ಡಿಸೆಂಬರ್ ಎರಡನೇ ವಾರಕ್ಕೆ ಮೊಮ್ಮಗನಿಗೆ ಆರು ವಾರ ತುಂಬಿತು, ನಾನು ಸರಿಯಾಗಿ ನಿದ್ದೆ ಮಾಡದೆಯೂ ಆರು ವಾರ ತುಂಬಿತು. ಒಂದು ಸಂಜೆ ಅಳಿಯ ಲಕೋಟೆಯೊಂದನ್ನು ತಂದು ಕೈಗಿಟ್ಟ. "ಅತ್ತೆ, ಶನಿವಾರ ನಿಮಗೆ ರಜೆ. ಲೈಪ್‌ಜಿಗ್‌ಗೆ ಹೋಗಿ ಬಾಖ್ ಕೇಳಿಕೊಂಡು ಬನ್ನಿ. ಮಗು ನಾನು ನೋಡ್ಕೊಳ್ತೇನೆ." ಬ್ಯಾಂಕಿನಲ್ಲಿದ್ದಾಗ ಮಧ್ಯಾಹ್ನದ ಊಟದ ಹೊತ್ತಿಗೆ ಕಿವಿಗೆ ವಯರು ಸಿಕ್ಕಿಸಿಕೊಂಡು ನಾನು ಕೇಳುತ್ತಿದ್ದುದು ಹದಿನೆಂಟನೇ ಶತಮಾನದ ಈ ಜರ್ಮನ್ ಸಂಗೀತಕಾರನನ್ನೇ ಎಂದು ಮಗಳು ಹೇಳಿರಬೇಕು.

ಟಿಕೆಟ್ಟಿನಲ್ಲಿ ಥಾಮಸ್ ಚರ್ಚಿನ ಹೆಸರಿತ್ತು. ಕೆಳಗೆ ಸಣ್ಣಕ್ಷರದಲ್ಲಿ 'ಓನೆ ಜಿಖ್ಟ್' ಅಂತಲೂ ಇತ್ತು. ಅಂದರೆ ಏನೂ ಕಾಣದ ಜಾಗ. ಉಳಿದದ್ದೆಲ್ಲ ಮಾರಾಟವಾಗಿತ್ತು ಎಂದು ಅಳಿಯ ಮುಖ ಸಣ್ಣ ಮಾಡಿಕೊಂಡ. "ಕೇಳುವುದಕ್ಕೆ ತಾನೇ ಹೋಗುವುದು, ಕಂಡು ಏನಾಗಬೇಕು" ಎಂದೆ. ಚಿಕ್ಕಂದಿನಲ್ಲಿ ಯಕ್ಷಗಾನ ಆಟದ ಬಯಲಲ್ಲಿ ಚಪ್ಪರದ ಕಂಬದ ಹಿಂದೆ ಸಿಕ್ಕಿಕೊಂಡು ಇಡೀ ರಾತ್ರಿ ಮಹಿಷಾಸುರನ ಒಂದು ಕೊಂಬು ಮಾತ್ರ ನೋಡಿದ್ದು ನೆನಪಾಗದೆ ಇರಲಿಲ್ಲ.

ಬರ್ಲಿನ್‌ನಿಂದ ಲೈಪ್‌ಜಿಗ್‌ಗೆ ವೇಗದ ರೈಲಿನಲ್ಲಿ ಒಂದೂಕಾಲು ಗಂಟೆ. ಕಿಟಕಿಯ ಆಚೆ ಬೂದಿ ಬಣ್ಣದ ಗದ್ದೆ, ಗಾಳಿಯಂತ್ರ, ಮತ್ತೆ ಗದ್ದೆ. ಹೇಳುವಂಥದ್ದೇನಿಲ್ಲ. ಇಳಿದ ನಿಲ್ದಾಣ ಮಾತ್ರ ಭಾರೀ. 1915ರಲ್ಲಿ ಕಟ್ಟಿ ಮುಗಿಸಿದ್ದು, ಮುಂಭಾಗವೇ ಸುಮಾರು 300 ಮೀಟರ್ ಉದ್ದ. ಹೊರಗೆ ಬಂದು ಟ್ರಾಮ್ ಹಳಿ ದಾಟಿದರೆ ಹಳೇ ಊರು ಶುರು. ಎಲ್ಲವೂ ನಡೆಯುವಷ್ಟೇ ದೂರ, ನಮ್ಮ ಮಂಗಳೂರಿನ ಕಾರ್‌ಸ್ಟ್ರೀಟಿನಿಂದ ಹಂಪನಕಟ್ಟೆಗೆ ಹೋದ ಹಾಗೆ.

ನಾಲ್ಕು ಗಂಟೆಗೇ ಕತ್ತಲು. ಪೇಟೆಚೌಕದ ತುಂಬ ಕ್ರಿಸ್‌ಮಸ್ ಸಂತೆ. ಇದು 1458ರಿಂದಲೂ ನಡೆದುಕೊಂಡು ಬಂದದ್ದಂತೆ. ಬಿಸಿ ವೈನಿನ ಲವಂಗದ ವಾಸನೆ ಮೂಗಿಗೆ ಹೊಡೆದು, ಯಾರೋ ಬಿಸಿಬೇಳೆಭಾತಿನ ಪುಡಿ ಹುರಿಯುತ್ತಿದ್ದಾರೋ ಅನ್ನಿಸಿತು. ಊರಿನ ವಿಶೇಷ ಎಂದು 'ಲೈಪ್‌ಜಿಗ್ ಲಾರ್ಕ್' ಎಂಬ ಸಿಹಿ ತಿಂದೆ. ಲಾರ್ಕ್ ಎಂದರೆ ನಮ್ಮ ನೆಲಗುಬ್ಬಿಯ ಜಾತಿಯ ಹಕ್ಕಿ. ಹಿಂದೆ ಇಲ್ಲಿ ನಿಜವಾದ ಹಕ್ಕಿಯನ್ನೇ ಹಿಟ್ಟಿನಲ್ಲಿಟ್ಟು ಬೇಯಿಸುತ್ತಿದ್ದರು. 1876ರಲ್ಲಿ ಬೇಟೆ ನಿಷೇಧವಾದ ಮೇಲೆ ಒಳಗೆ ಬಾದಾಮಿ ಹೂರಣ ತುಂಬುತ್ತಾರೆ. ಹೆಸರು ಹಳೆಯದು, ಹೂರಣ ಹೊಸದು. ಆ ದಿನವಿಡೀ ಇದೇ ಕತೆ ಬೇರೆ ಬೇರೆ ರೂಪದಲ್ಲಿ ಎದುರಾಗುತ್ತದೆಂದು ತಿನ್ನುವಾಗ ಗೊತ್ತಿರಲಿಲ್ಲ.

ಹಳೇ ಟೌನ್‌ಹಾಲಿನ ಬಾಲ್ಕನಿಯಲ್ಲಿ ನಾಲ್ಕೈದು ಮಂದಿ ಹಿತ್ತಾಳೆ ವಾದ್ಯ ಹಿಡಿದು ನಿಂತು ಊದುತ್ತಿದ್ದರು. ಈ ಊರಿನಲ್ಲಿ ನಗರಸಭೆಯ ಸಂಬಳದ ತುತ್ತೂರಿಯವರು ಇದ್ದ ಕಾಲವೊಂದಿತ್ತು. ಅವರಲ್ಲಿ ಹೆಸರಾದವನು ಗಾಟ್‌ಫ್ರೀಡ್ ರೈಖೆ, ಬಾಖ್‌ನ ಬಲಗೈ. 1734ರ ಅಕ್ಟೋಬರ್ 5ರ ರಾತ್ರಿ ಇದೇ ಚೌಕದಲ್ಲಿ ಸ್ಯಾಕ್ಸನಿಯ ದೊರೆಯ ಎದುರು, 600 ವಿದ್ಯಾರ್ಥಿಗಳು ಹಿಡಿದ ಪಂಜಿನ ಹೊಗೆಯಲ್ಲಿ, ಬಾಖ್ ಬರೆದ ಹೊಗಳಿಕೆಯ ಸಂಗೀತಕ್ಕೆ ರೈಖೆ ತುತ್ತೂರಿ ಊದಿದ. ಮಾರನೇ ದಿನ ಮನೆಗೆ ಹೋಗುವ ದಾರಿಯಲ್ಲಿ ಕುಸಿದು ಬಿದ್ದು ಸತ್ತ. ಅವನ ಒಂದೊಂದು ಗುಟುಕು ಉಸಿರನ್ನೂ ಬಾಖ್ ಅಳೆದು ಬರೆಯುತ್ತಿದ್ದಿರಬೇಕು. ನಾನು ಕೇಳಬೇಕೆಂದಿದ್ದ ಕ್ರಿಸ್‌ಮಸ್ ಒರಟೋರಿಯೊ, ಅಂದರೆ ಯೇಸುವಿನ ಹುಟ್ಟಿನ ಕತೆಯನ್ನು ಮೇಳವೂ ವಾದ್ಯವೂ ಸೇರಿ ಹಾಡುವ ಕೃತಿ, ಮೊದಲು ನುಡಿದದ್ದು ಆಮೇಲೆ ಮೂರು ತಿಂಗಳೂ ತುಂಬುವ ಮೊದಲು. ಅದರ ತುತ್ತೂರಿ ಊದಲು ಆ ಮುದುಕ ಇರಲಿಲ್ಲ.

ಥಾಮಸ್ ಚರ್ಚಿನ ಹೊರಗೆ ಬಾಖ್‌ನ ಕಂಚಿನ ಪ್ರತಿಮೆ ಇದೆ, 1908ರದ್ದು. ಕೋಟಿನ ಒಂದು ಜೇಬು ಹೊರಗೆ ಮಗುಚಿಕೊಂಡಿದೆ. ಕಾಸಿಲ್ಲ ಎಂಬುದರ ಗುರುತು ಎಂದು ಗೈಡುಗಳು ನಗಿಸುತ್ತಾರೆ. ಈ ಮಹಾನುಭಾವ 1723ರಿಂದ ಸಾಯುವವರೆಗೆ, ಅಂದರೆ 27 ವರ್ಷ, ಇಲ್ಲಿ ನಗರಸಭೆಯ ನೌಕರ. ಗೊಣಗುವುದರಲ್ಲಿ ಎತ್ತಿದ ಕೈ. ಹೋದ ವರ್ಷ ಊರಿನ ಗಾಳಿ ಆರೋಗ್ಯಕರವಾಗಿತ್ತು, ಸಾವುಗಳು ಕಡಿಮೆಯಾದವು, ಶವಯಾತ್ರೆಯ ಹಾಡಿನ ದಕ್ಷಿಣೆಯಲ್ಲಿ ನೂರು ಥಾಲರಿಗೂ (ಆಗಿನ ಬೆಳ್ಳಿ ನಾಣ್ಯ) ಮೇಲೆ ಖೋತಾ ಆಯಿತು ಎಂದು 1730ರಲ್ಲಿ ಗೆಳೆಯನಿಗೆ ಕಾಗದ ಬರೆದಿದ್ದಾನೆ. ಅದೇ ವರ್ಷ ನಗರಸಭೆಗೆ ಒಂದು ಮನವಿ ಕೊಟ್ಟು, ತನ್ನ ಶಾಲೆಯ 54 ಹುಡುಗರಲ್ಲಿ 17 ಮಂದಿ ಹಾಡಲು ಲಾಯಕ್ಕು, 20 ಮಂದಿ ಇನ್ನೂ ಆಗಬೇಕಾದವರು, 17 ಮಂದಿ ನಾಲಾಯಕ್ಕು ಎಂದು ಲೆಕ್ಕ ಒಪ್ಪಿಸಿದ್ದಾನೆ. ಶಾಖೆಯ ಸಿಬ್ಬಂದಿ ಕುರಿತು ವಲಯ ಕಚೇರಿಗೆ ನಾನೂ ಇಂಥ ಕಾಗದ ಬರೆದಿದ್ದೆ. ನಿವೃತ್ತಿಯವರೆಗೂ ಉತ್ತರ ಬರಲಿಲ್ಲ.

ಹುಡುಗರ ಆ ಮೇಳ 1212ರಲ್ಲಿ ಶುರುವಾದದ್ದು, ಈಗಲೂ ಇದೆ. ಬಾಗಿಲ ಹತ್ತಿರ ನಿಂತಿದ್ದಾಗ ಅವರಲ್ಲಿ ಚಿಕ್ಕವರು ನಾವಿಕರ ಕಾಲರಿನ ನೀಲಿ ಅಂಗಿ ತೊಟ್ಟು ಸಾಲಾಗಿ ಹೋದರು. ಒಬ್ಬನ ಶೂ ಲಾಡಿ ಬಿಚ್ಚಿತ್ತು. ಬಗ್ಗಲು ಪುರುಸೊತ್ತಿಲ್ಲದೆ ಒಂದು ಕಾಲು ಎಳೆದುಕೊಂಡೇ ಒಳಗೆ ಓಡಿದ.

ಒಳಗೆ ಚಳಿ. ಯಾರೂ ಕೋಟು ಬಿಚ್ಚುವುದಿಲ್ಲ. ಬಲಿಪೀಠದ ಮುಂದೆ ನೆಲದಲ್ಲಿ ಬಾಖ್‌ನ ಗೋರಿ. ಕಂಚಿನ ಫಲಕದಲ್ಲಿ ಹೆಸರು, ಮೇಲೆ ಯಾರೋ ಇಟ್ಟ ಹೂವು, ಅಷ್ಟೇ. ಬೇರೆ ಚರ್ಚಿನಲ್ಲಿದ್ದ ಅಸ್ಥಿಯನ್ನು ಇಲ್ಲಿಗೆ ತಂದದ್ದು ಯುದ್ಧದಲ್ಲಿ ಆ ಚರ್ಚು ಹಾಳಾದ ಮೇಲೆ. ನನ್ನ ಜಾಗ ಪಕ್ಕದ ಹಜಾರದಲ್ಲಿ, ದಪ್ಪ ಕಂಬದ ಮಗ್ಗುಲಲ್ಲಿ. ಹಾಡುವವರೂ ಬಾರಿಸುವವರೂ ಹಿಂದುಗಡೆ, ಪಶ್ಚಿಮದ ಅಟ್ಟದ ಮೇಲೆ. ನನ್ನ ಕಣ್ಣಿಗೆ ಕಂಬ. ಕಂಬದ ಆಚೆ ಮುಂದಿನವರ ಟೊಪ್ಪಿ. ಅಟ್ಟದ ಹಲಗೆಯ ಮೇಲೆ ನೂರಾರು ಶೂಗಳ ದಡಬಡ ಮಾತ್ರ ಕೇಳಿತು. ಅದರಲ್ಲಿ ಲಾಡಿ ಬಿಚ್ಚಿದ್ದು ಯಾವುದೋ. ಪಕ್ಕದಲ್ಲಿ ಎಪ್ಪತ್ತು ದಾಟಿದ ಹೆಂಗಸು ಬೆನ್ನು ಬಿಟ್ಟುಹೋದ ಸ್ವರಪುಸ್ತಕವೊಂದನ್ನು ತೊಡೆಯ ಮೇಲಿಟ್ಟು ಕನ್ನಡಕ ಒರೆಸುತ್ತಿದ್ದರು. ಪುಟದ ತುಂಬ ಸೀಸದಕಡ್ಡಿಯ ಗುರುತು, ಎಲ್ಲಿ ಉಸಿರು ತೆಗೆಯಬೇಕೆಂಬುದಕ್ಕೆ ಸಣ್ಣ ಸಣ್ಣ ಗೀರು.

ಒರಟೋರಿಯೊ ಎನ್ನುತ್ತಾರಾದರೂ ಇದು ಒಂದೇ ಕೂತಿನಲ್ಲಿ ಕೇಳಲು ಬರೆದದ್ದಲ್ಲ. ಆರು ಭಾಗ, ಆರು ದಿನ: 1734ರ ಡಿಸೆಂಬರ್ 25, 26, 27, ಆಮೇಲೆ 1735ರ ಜನವರಿ 1, 2 ಮತ್ತು 6. ಪೂಜೆಯ ನಡುವೆ ದಿನಕ್ಕೊಂದು. ಮೊದಲ ದಿನದ್ದನ್ನು ಬೆಳಿಗ್ಗೆ ನಿಕೊಲಾಯ್ ಚರ್ಚಿನಲ್ಲಿ ಹಾಡಿ, ಮಧ್ಯಾಹ್ನ ಅದನ್ನೇ ಥಾಮಸ್ ಚರ್ಚಿಗೆ ಬಂದು ಮತ್ತೆ ಹಾಡಿದರು. ಅದಕ್ಕೂ ಮುಂಚಿನ ವಾರಗಳು ಅಡ್ವೆಂಟ್, ಒಂದು ಬಗೆಯ ವ್ರತದ ಕಾಲ. ಮೊದಲ ಭಾನುವಾರ ಬಿಟ್ಟರೆ ಮೂರು ವಾರ ಲೈಪ್‌ಜಿಗ್ ಚರ್ಚುಗಳಲ್ಲಿ ವಾದ್ಯಮೇಳ ನಿಷಿದ್ಧ. ಅಷ್ಟು ದಿನದ ಮೌನದ ಮೇಲೆ ಕ್ರಿಸ್‌ಮಸ್ ಬೆಳಿಗ್ಗೆ ಏಕಾಏಕಿ ಏನು ಕೇಳಿಸಬೇಕೆಂದು ಬಾಖ್ ಲೆಕ್ಕ ಹಾಕಿದ್ದ. ನಾವೀಗ ಅಡ್ವೆಂಟಿನಲ್ಲೇ, ಬಾದಾಮಿ ಹೂರಣ ಮೆದ್ದು ಬಂದು ಕೇಳುತ್ತೇವೆ. ಏಕಾದಶಿಯ ದಿನವೇ ಪಾರಣೆ. ಆ ಸಂಜೆ ಮೊದಲ ಮೂರು ಭಾಗ.

ಶುರುವಾದದ್ದು ನಗಾರಿಯಿಂದ. ಬೇರೆ ಯಾವ ವಾದ್ಯವೂ ಇಲ್ಲ, ಬೆನ್ನ ಹಿಂದೆ ಒಂಟಿ ನಗಾರಿಯ ಕೆಲವು ಪೆಟ್ಟು. ಕಿವಿಗಿಂತ ಮೊದಲು ಬೆಂಚಿನ ಹಲಗೆಗೆ ಗೊತ್ತಾಯಿತು. ಕೊಳಲು, ಒಬೊ ಎಂಬ ಊದುವಾದ್ಯಗಳು ಕಿಲಕಿಲ ಉತ್ತರ ಕೊಟ್ಟವು. ಮತ್ತೆ ನಗಾರಿ. ಆಮೇಲೆ ತುತ್ತೂರಿ. ಪಕ್ಕದವರ ತೋರುಬೆರಳು ಪುಸ್ತಕದ ಮೇಲೆ ಕುಣಿಯತೊಡಗಿತು. ಯುರೋಪಿನವರ ಈ ನಗಾರಿ, ಟಿಂಪನಿ, ಅರಬರ, ತುರ್ಕರ ನಕ್ಕಾರಾದ ಸಂತಾನ; ನಮ್ಮ ನಗಾರಿಯ ಹೆಸರೂ ಅದೇ. ಅಲ್ಲೂ ಅದು ದೊರೆಯ ವಾದ್ಯ, ಇಲ್ಲೂ ದೊರೆಯ ವಾದ್ಯ.

ದೊರೆಯ ವಾದ್ಯ ಎಂದದ್ದಕ್ಕೆ ಕಾರಣವಿದೆ. ಈ ಹಾಡು ಹುಟ್ಟಿದ್ದು ಯೇಸುವಿಗಾಗಿ ಅಲ್ಲ. ಒಂದು ವರ್ಷ ಮೊದಲು, 1733ರ ಡಿಸೆಂಬರ್ 8ರಂದು, ಸ್ಯಾಕ್ಸನಿಯ ದೊರೆಯ ಮಡದಿ ಮಾರಿಯಾ ಯೋಸೆಫಾಳ ಹುಟ್ಟುಹಬ್ಬಕ್ಕೆ ಬರೆದದ್ದು. ಮೊದಲು ಕೇಳಿಸಿದ್ದು ಚರ್ಚಿನಲ್ಲೂ ಅಲ್ಲ, ತ್ಸಿಮರ್‌ಮನ್ ಎಂಬಾತನ ಕಾಫಿ ಹೋಟೆಲಿನಲ್ಲಿ. ಆಗಿನ ಮಾತು 'ಮೊಳಗಿರಿ ನಗಾರಿಗಳೇ, ಊದಿರಿ ತುತ್ತೂರಿಗಳೇ' ಎಂದು. ಮಾತಿಗೆ ತಕ್ಕಂತೆ ಮೊದಲು ನಗಾರಿ, ಆಮೇಲೆ ತುತ್ತೂರಿ. ಮರುವರ್ಷ ಅದೇ ಸ್ವರಕ್ಕೆ 'ಹಿಗ್ಗಿರಿ, ನಲಿಯಿರಿ' ಎಂಬ ಮಾತು ಜೋಡಿಸಿದರು. ನಗಾರಿ ಎಂಬ ಶಬ್ದ ಹೋಯಿತು, ನಗಾರಿ ಉಳಿಯಿತು. ಹೊಸ ಪ್ರತಿ ಬರೆಯುವಾಗ ಬಾಖ್ ಕೈತಪ್ಪಿ ಹಳೇ ಸಾಹಿತ್ಯವನ್ನೇ ಬರೆದು, ಹೊಡೆದು ಹಾಕಿ ತಿದ್ದಿದ್ದಾನೆ.

ಪಂಡಿತರು ಇದನ್ನು ಪ್ಯಾರಡಿ ಎನ್ನುತ್ತಾರೆ, ಅಣಕದ ಅರ್ಥದಲ್ಲಲ್ಲ. ನಮ್ಮಲ್ಲಿ ಇದಕ್ಕೆ ಸಲೀಸಾದ ಮಾತಿದೆ: ಮಟ್ಟು. ಭಜನೆ ಪುಸ್ತಕದಲ್ಲಿ ಹಾಡಿನ ತಲೆಯ ಮೇಲೆ 'ಇಂಥ ಹಾಡಿನ ಮಟ್ಟು' ಎಂದು ಅಚ್ಚಾಗಿರುತ್ತದೆ. ಕಂಪನಿ ನಾಟಕದ ಪ್ರೇಮಗೀತೆಯ ಮಟ್ಟಿನಲ್ಲಿ ಕೃಷ್ಣನ ತೊಟ್ಟಿಲು ತೂಗಿದ ಅಜ್ಜಿಯರನ್ನು ಕಂಡ ನನಗೆ ಬಾಖ್‌ನದು ಕಳ್ಳತನ ಅನ್ನಿಸಲಿಲ್ಲ. ಇದಕ್ಕೆ ಮುಜುಗರಪಟ್ಟು ಸಮಜಾಯಿಷಿ ಕೊಡುವ ವಿದ್ವಾಂಸರೇ ಸ್ವಲ್ಪ ವಿಚಿತ್ರ ಅನ್ನಿಸಿದರು. ರಾಣಿಯ ಹುಟ್ಟುಹಬ್ಬದ ಸಂಗೀತ ಒಂದು ಸಂಜೆಗೆ ಮುಗಿದುಹೋಗುವಂಥದ್ದು. ಒಳ್ಳೇ ಸೀರೆಯನ್ನು ಒಂದೇ ಮದುವೆಗೆ ಉಟ್ಟು ಪೆಟ್ಟಿಗೆಯಲ್ಲಿಡಲು ಯಾರಿಗೆ ಮನಸ್ಸು ಬರುತ್ತದೆ?

ಒಂದಿಷ್ಟು ಕತೆ, ಒಂದು ಹೆಣ್ಣುಕಂಠದ ತಗ್ಗುದನಿಯ ಹಾಡು ಆದ ಮೇಲೆ ಇಡೀ ಮೇಳ ನಿಧಾನವಾಗಿ ನಾಲ್ಕು ಧ್ವನಿಯಲ್ಲಿ ಒಂದು ಕೋರಾಲ್, ಅಂದರೆ ಚರ್ಚಿನ ಭಕ್ತಿಗೀತೆ, ಎತ್ತಿಕೊಂಡಿತು. 'ನಿನ್ನನ್ನು ಹೇಗೆ ಬರಮಾಡಿಕೊಳ್ಳಲಿ' ಎಂಬುದು ಸಾಹಿತ್ಯ. ನನಗೆ ಕುತ್ತಿಗೆಯ ಹಿಂದೆ ನವಿರೆದ್ದಿತು. ಈ ರಾಗ ನನಗೆ ಗೊತ್ತು. ರೆಕಾರ್ಡಿನಲ್ಲಿ ಹತ್ತಾರು ಸಲ ಕೇಳಿದ್ದೇನೆ, ಆದರೆ ಈ ಗೊತ್ತು ಅದಲ್ಲ. ಕಣ್ಣಿಗೆ ಕಂಬ ಬಿಟ್ಟು ಬೇರೇನೂ ಇಲ್ಲದ್ದರಿಂದಲೋ ಏನೋ, ಕಂಬದ ಬದಲು ನಮ್ಮ ಮನೆಯ ಹಿತ್ತಿಲ ಗೋಡೆ ಕಂಡಿತು. ಗೋಡೆಯಾಚೆ ಬಲ್ಮಠದ ಗುಡ್ಡ. ಏಪ್ರಿಲ್ ಸೆಕೆ. ಬಾಸೆಲ್ ಮಿಶನ್ನಿನವರ ದೇವಾಲಯದಿಂದ ಮಧ್ಯಾಹ್ನದ ಹೊತ್ತಿಗೆ ಎಳೆದೆಳೆದು ಬರುತ್ತಿದ್ದ ಕನ್ನಡ ಹಾಡು. ಮಾತು ಒಂದೂ ನೆನಪಿಲ್ಲ. ಅಕ್ಕ, ನಾನು ಹಪ್ಪಳ ಕಾಯುತ್ತ ಕಾಗೆ ಓಡಿಸುತ್ತ ಅದನ್ನೇ ಗುನುಗುತ್ತಿದ್ದೆವು. ಶುಭ ಶುಕ್ರವಾರದ ಹಾಡು ಅದು, ಶಿಲುಬೆಯ ಹಾಡು. 1834ರಲ್ಲಿ ಮಂಗಳೂರಿಗೆ ಬಂದ ಜರ್ಮನ್ ಮಿಶನರಿಗಳು ತಮ್ಮೂರಿನ ರಾಗಗಳನ್ನೂ ಪೆಟ್ಟಿಗೆಯಲ್ಲಿ ತಂದು, ಕನ್ನಡದ ಮಾತು ಹೊಂದಿಸಿ ಹಾಡಿಸಿದ್ದರು. ಮತ್ತೆ ಮಟ್ಟು!

ಯೇಸು ಹುಟ್ಟುವ ಮೊದಲೇ ಸಾವಿನ ರಾಗ ಯಾಕೆ? ಮಗುವಿನ ಮುಂದೇನಿದೆ ಎಂದು ಬಾಖ್ ಸೂಚಿಸುತ್ತಿದ್ದಾನೆ ಎಂದು ಕೆಲವರು. ಆ ಊರಲ್ಲಿ ಆ ರಾಗಕ್ಕೆ ಹಲವು ಸಾಹಿತ್ಯಗಳಿದ್ದವು, ಕೇಳಿದವರಿಗೆ ಸಾವೇ ನೆನಪಾಗಬೇಕೆಂದಿಲ್ಲ ಎಂದು ಇನ್ನು ಕೆಲವರು. ಎರಡನೆಯವರ ಮಾತಿನಲ್ಲಿ ಹುರುಳಿದೆ. ಯಾಕೆಂದರೆ ಈ ರಾಗ ಮೊದಲು ಅಚ್ಚಾದದ್ದು 1601ರಲ್ಲಿ, ಹಾನ್ಸ್ ಲಿಯೊ ಹಾಸ್ಲರ್ ಎಂಬವನ ಪ್ರೇಮಗೀತೆಯಾಗಿ. ಒಂದು ಹುಡುಗಿ ನನ್ನ ಮನಸ್ಸು ಕೆಡಿಸಿದ್ದಾಳೆ ಎಂಬ ಗೋಳು ಅದರಲ್ಲಿ. ಹುಡುಗಿಯಿಂದ ಮರಣಶಯ್ಯೆಗೆ, ಅಲ್ಲಿಂದ ಶಿಲುಬೆಗೆ, ಅಲ್ಲಿಂದ ಗೋದಲಿಗೆ, ಬಲ್ಮಠದ ಗುಡ್ಡಕ್ಕೆ, ನಮ್ಮ ಹಪ್ಪಳದ ಚಾಪೆಗೆ.

ಎರಡನೇ ಭಾಗದ ಮೊದಲಿಗೆ ಹಾಡಿಲ್ಲ, ಬರೀ ವಾದ್ಯ. ಹೊಲದಲ್ಲಿ ರಾತ್ರಿ ಕುರಿ ಕಾಯುವವರ ಚಿತ್ರ. ತೂಗುವ ಲಯ. ಪಿಟೀಲು, ಕೊಳಲು ಒಂದು ಕಡೆ. ನಾಲ್ಕು ಒಬೊ ಇನ್ನೊಂದು ಕಡೆ. ಅವು ದೇವದೂತರು, ಇವು ಕುರುಬರು ಎನ್ನುವುದು ವಾಡಿಕೆ. ಒಬೊದ ದನಿ ನಮ್ಮ ಮುಖವೀಣೆಯ ಹತ್ತಿರದ್ದು, ಮೂಗಿನಿಂದ ಬರುವಂಥದ್ದು, ಕುರುಬರೇ ಸರಿ. ಆಮೇಲೆ ಜೋಗುಳ ಬಂತು, 'ಮಲಗು ನನ್ನ ಮುದ್ದೇ'. ಇದೂ ಎರವಲು. 1733ರ ಸೆಪ್ಟೆಂಬರ್ 5ರಂದು ಹನ್ನೊಂದು ತುಂಬಿದ ಯುವರಾಜನಿಗೆ ಬರೆದ ರೂಪಕದಲ್ಲಿ, ಭೋಗ ಎಂಬ ಹೆಣ್ಣು ಹರ್ಕ್ಯುಲಿಸನನ್ನು ದಾರಿ ತಪ್ಪಿಸಲು ಹಾಡುವ ಹಾಡು. ಅದೇ ಈಗ ಗೋದಲಿಯ ಜೋಗುಳ. ಮಗುವನ್ನು ಮಲಗಿಸುವವಳ ಮನಸ್ಸಿನಲ್ಲಿ ಪುಸಲಾಯಿಸುವ ಉಪಾಯ ಇಲ್ಲವೆಂದು ಯಾರು ಹೇಳಿದರು? ಆರು ವಾರದಿಂದ ನಾನು ಮಾಡುತ್ತಿದ್ದದ್ದು ಅದನ್ನೇ. ಒಂದೊಂದು ಸ್ವರವನ್ನು ಆ ಹಾಡುಗಾರ್ತಿ ಎಷ್ಟು ದೀರ್ಘ ಹಿಡಿದರೆಂದರೆ, ಬಿಡುವುದರೊಳಗೆ ನಾನು ತೂಕಡಿಸಿ ಪಕ್ಕದವರ ಹೆಗಲಿಗೆ ಒರಗಿದ್ದೆ. ಬಾಖ್‌ನನ್ನು ಕೇಳಲು ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ನಿದ್ದೆ! ಅವರು ಕದಲಲಿಲ್ಲ. ಎಚ್ಚರಾದಾಗ ಅವರ ಬೆರಳು ಬೇರೆ ಪುಟದಲ್ಲಿತ್ತು.

ಮೂರನೇ ಭಾಗ ಮುಗಿದು, ಒಂದು ಕ್ಷಣ ಏನೂ ಇಲ್ಲ. ಆಮೇಲೆ ಎಲ್ಲರೂ ಎದ್ದು ನಿಂತು, ಬಲಿಪೀಠಕ್ಕೆ ಬೆನ್ನು ಮಾಡಿ ತಿರುಗಿ, ಅಟ್ಟದ ಕಡೆ ಮುಖವೆತ್ತಿ ಚಪ್ಪಾಳೆ ತಟ್ಟಿದರು. ಹೊರಗೆ ಬರುವ ನೂಕಿನಲ್ಲಿ ನಾನೂ ಕಂಬ ದಾಟಿ ಮೇಲೆ ನೋಡಿದೆ. ಕಟಕಟೆಯ ಮೇಲೆ ನೀಲಿ ಕಾಲರುಗಳ ಸಾಲು, ಒಬ್ಬ ಆಕಳಿಸುತ್ತಿದ್ದ. ನಗಾರಿ ಮಾತ್ರ ಕಾಣಲೇ ಇಲ್ಲ. "ನಲವತ್ತು ವರ್ಷ ಹಾಡಿದ್ದೇನೆ, ಬೇರೆ ಊರಿನ ಮೇಳದಲ್ಲಿ" ಎಂದರು ಪಕ್ಕದವರು ನಿಧಾನದ ಇಂಗ್ಲಿಷಿನಲ್ಲಿ. "ಈಗ ಮಂಡಿ ಕೊಡುವುದಿಲ್ಲ. ಇಲ್ಲಿ ಕೂತರೆ ಯಾರೂ ಕಾಣುವುದಿಲ್ಲ, ಬಾಯಾಡಿಸಬಹುದು."

ವಾಪಸು ರೈಲಿನಲ್ಲಿ ಕಿವಿಗೆ ವಯರು ಸಿಕ್ಕಿಸಿಕೊಂಡು ಆರನೇ ಭಾಗದ ಕಟ್ಟಕಡೆಯ ಹಾಡು ಹಾಕಿದೆ. ಅಲ್ಲಿ ಅದೇ ರಾಗ ಮರಳಿ ಬರುತ್ತದೆ. ಈ ಸಲ ಸುತ್ತ ತುತ್ತೂರಿ, ನಗಾರಿ, ಪೂರ್ತಿ ಮೆರವಣಿಗೆ. ಬಲ್ಮಠದ ಎಳೆತ ಹೋಗಿ ತೇರು ಎಳೆಯುವ ಗಡಿಬಿಡಿ. ಅದರ ಕೊಂಡಿಯನ್ನು ಮಂಗಳೂರಿನಲ್ಲಿರುವ ಅಕ್ಕನಿಗೆ ಕಳಿಸಿದೆ, ಏನೆಂದು ಹೇಳದೆ. ಅಲ್ಲಿ ಆಗ ಅಪರಾತ್ರಿ.

ಮನೆ ಮುಟ್ಟಿದಾಗ ಮಗು ಅಳಿಯನ ಹೆಗಲ ಮೇಲೆ ಅರಚುತ್ತಿತ್ತು. ಕೋಟು ಬಿಚ್ಚದೆ ಎತ್ತಿಕೊಂಡೆ. ಅದು ಮಲಗುವಷ್ಟರಲ್ಲಿ ಎರಡು ಗಂಟೆ ದಾಟಿತ್ತು, ಊರಲ್ಲಿ ಅಕ್ಕ ಹಾಲಿಗೆ ಎದ್ದಿರಬೇಕು. ಫೋನು ಮಿಣುಕಿತು.

"ತುತ್ತೂರಿ ತೆಗೆದರೆ ಇದು ನಮ್ಮ ಹಪ್ಪಳದ ಹಾಡಲ್ವಾ ಮಾರಾಯ್ತಿ?"