ಅಪ್ಪ-ಅಮ್ಮನಿಗೆ ಒಂದೇ ದಿನದಲ್ಲಿ ಬೆಂಗಳೂರು ತೋರಿಸುವುದು ಹೇಗೆ?

“ಊರಿಂದ ಅಪ್ಪ-ಅಮ್ಮ ಬರ್ತಿದ್ದಾರೆ, ಒಂದೇ ದಿನ ಇದೆ, ಬೆಂಗಳೂರಲ್ಲಿ ಏನೇನು ತೋರಿಸಬಹುದು?” ಇಲ್ಲಿ ಕೆಲಸಕ್ಕಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವಷ್ಟರಲ್ಲೇ ಅವರ ಹತ್ತಿರ ಒಂದು ಪಟ್ಟಿ ತಯಾರಿರುತ್ತದೆ: ಲಾಲ್‌ಬಾಗ್, ಇಸ್ಕಾನ್, ಬನ್ನೇರುಘಟ್ಟ, ಅರಮನೆ, ವಿಧಾನಸೌಧ, ಸಂಜೆಗೊಂದು ಮಾಲ್. ಅದರಲ್ಲಿ ಮೂರೇ ಮೂರು ಉಳಿಸಿಕೊಳ್ಳಿ, ಆ ಮೂರೂ ಒಂದೇ ಹಾದಿಯಲ್ಲಿರಲಿ ಎನ್ನುವುದು ನನ್ನ ಉತ್ತರ.

ಬನ್ನೇರುಘಟ್ಟ ಊರಾಚೆ ದಕ್ಷಿಣಕ್ಕೆ, ಇಸ್ಕಾನ್ ರಾಜಾಜಿನಗರದ ಕಡೆ, ಅರಮನೆ ವಸಂತನಗರದಲ್ಲಿ. ಇವನ್ನು ಒಂದೇ ದಿನಕ್ಕೆ ಪೋಣಿಸಿದರೆ ಅಪ್ಪ-ಅಮ್ಮ ನೋಡುವುದು ಕಾರಿನ ಕಿಟಕಿಯಾಚೆಯ ಟ್ರಾಫಿಕ್ ಮಾತ್ರ. ಬನ್ನೇರುಘಟ್ಟಕ್ಕೆ ಇಡೀ ದಿನವೇ ಬೇಕು, ಮಂಗಳವಾರ ಅದು ಬಾಗಿಲು ತೆರೆಯುವುದೂ ಇಲ್ಲ. ಇಸ್ಕಾನ್ ಆಗಲಿ ಬೇರೆ ದೇವಸ್ಥಾನಗಳಾಗಲಿ ವಾರದ ದಿನಗಳಲ್ಲಿ ಹೆಚ್ಚಾಗಿ ಮಧ್ಯಾಹ್ನ ಮುಚ್ಚಿರುತ್ತವೆ, ತೆರೆಯುವುದು ನಾಲ್ಕರ ಮೇಲೆ. ಪಟ್ಟಿ ಉದ್ದವಾದಷ್ಟೂ ಯಾವುದಾದರೊಂದು ಮುಚ್ಚಿದ ಬಾಗಿಲಿನ ಮುಂದೆ ನಿಲ್ಲುವುದು ಖಚಿತ.

ನಾನು ಹೇಳುವ ಹಾದಿ ಮೆಟ್ರೊ ಹಸಿರು ಮಾರ್ಗದ್ದು, ಸಂಜೆ ಮಾತ್ರ ನೇರಳೆ ಮಾರ್ಗಕ್ಕೆ ಬದಲಿಸಬೇಕು. ಬೆಳಗ್ಗೆ ಲಾಲ್‌ಬಾಗ್, ಆಮೇಲೆ ಬಸವನಗುಡಿ, ಮಧ್ಯಾಹ್ನ ವಿಶ್ರಾಂತಿ, ಸಂಜೆ ಕಬ್ಬನ್ ಪಾರ್ಕ್ ಮತ್ತು ವಿಧಾನಸೌಧ. ಊರಲ್ಲಿ ಕೂತೇ ಇವುಗಳ ಹೆಸರನ್ನು ಕೇಳುತ್ತಾ ಬಂದವರು ಅವರು. ಹೆಸರು ಗೊತ್ತಿರುವ ಜಾಗವನ್ನು ಕಣ್ಣಾರೆ ನೋಡಿದಾಗ ಆಗುವ ಸಂತೋಷ ಹೊಸ ಮಾಲಿನಲ್ಲಿ ಸಿಗುವುದಿಲ್ಲ.

ಮೊದಲು ಮೆಟ್ರೊ ವಿಷಯ. ಒಂದು ಸ್ಮಾರ್ಟ್ ಕಾರ್ಡಿನಲ್ಲಿ ಇಬ್ಬರು ಹೋಗಲು ಬರುವುದಿಲ್ಲ, ತಲೆಗೊಂದು ಕಾರ್ಡ್ ಅಥವಾ ಟೋಕನ್ ಬೇಕು. ಟೋಕನ್ನನ್ನು ಒಳಗೆ ಹೋಗುವಾಗ ಗೇಟಿಗೆ ಮುಟ್ಟಿಸಬೇಕು, ಹೊರಗೆ ಬರುವಾಗ ಅದರ ಕಿಂಡಿಗೆ ಹಾಕಬೇಕು. ಅಮ್ಮನ ಪರ್ಸಿನ ಚಿಲ್ಲರೆಯಲ್ಲಿ ಸೇರಿಕೊಂಡರೆ ಹುಡುಕುವುದು ಕಷ್ಟ, ಕಳೆದರೆ ದಂಡ. ಮೂರೂ ಟೋಕನ್ ನಿಮ್ಮ ಜೇಬಿನಲ್ಲೇ ಇರಲಿ. ಗೇಟಿನಲ್ಲಿ ಅವರಿಬ್ಬರನ್ನು ಮುಂದೆ ಕಳಿಸಿ ನೀವು ಕೊನೆಗೆ ಹೋಗಿ. ನೀವೇ ಮೊದಲು ದಾಟಿದರೆ, ಅವರ ಟೋಕನ್ ಓದದೆ ಗೇಟು ಮುಚ್ಚಿಕೊಂಡಾಗ ನೀವು ಆ ಕಡೆ, ಅವರು ಈ ಕಡೆ.

ಎಸ್ಕಲೇಟರ್ ಅಭ್ಯಾಸವಿಲ್ಲದವರನ್ನು, ಅದರಲ್ಲೂ ಸೀರೆ ಉಟ್ಟವರನ್ನು, ಅದಕ್ಕೆ ಹತ್ತಿಸಲೇಬೇಡಿ. ಮೇಲೇರುವಾಗ ಹೇಗೋ ನಡೆಯುತ್ತದೆ. ಇಳಿಯುವಾಗ ಮೊದಲ ಹೆಜ್ಜೆ ಎಲ್ಲಿಡಬೇಕೆಂದು ತಿಳಿಯದೆ ನಿಂತುಬಿಡುತ್ತಾರೆ, ಹಿಂದಿನಿಂದ ಜನ ನೂಕುತ್ತಾರೆ, ನೆರಿಗೆಯ ಅಂಚು ಮೆಟ್ಟಿಲಿನ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಎಲ್ಲ ನಿಲ್ದಾಣಗಳಲ್ಲೂ ಲಿಫ್ಟ್ ಇದೆ. ಅದು ಯಾವ ಮೂಲೆಯಲ್ಲಿದೆ ಎಂದು ಕೇಳಲು ಒಂದು ನಿಮಿಷ ಸಾಕು. ರೈಲು ಬಂದಾಗ ಬಾಗಿಲು ತೆರೆದಿರುವುದು ಕೆಲವೇ ಸೆಕೆಂಡು. “ಒಂದು ವೇಳೆ ನಾನು ಹತ್ತೋಕಾಗದೆ ಉಳಿದರೆ, ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ನಿಂತಿರಿ” ಎಂದು ಮೊದಲೇ ಹೇಳಿಡಿ. ಇಬ್ಬರಲ್ಲಿ ಒಬ್ಬರ ಬಳಿಯಾದರೂ ಚಾರ್ಜ್ ಇರುವ ಫೋನ್ ಇರಲಿ. ಭಾನುವಾರ ಮೊದಲ ರೈಲು ಬೆಳಗ್ಗೆ 7ಕ್ಕೇ ಹೊರಡುವುದು, ಆ ದಿನ ಬೇಗ ಹೊರಡುವುದಿದ್ದರೆ ಆಟೊ ಹಿಡಿಯಬೇಕು. ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ಹೋಗುವುದಾದರೆ ಶಕ್ತಿ ಯೋಜನೆಯಲ್ಲಿ ಅಮ್ಮನಿಗೆ ಟಿಕೆಟ್ ಉಚಿತ. ರಾಜ್ಯದ ವಿಳಾಸವಿರುವ ಆಧಾರ್ ಜೊತೆಗಿರಲಿ, ಎ.ಸಿ. ಬಸ್ಸಿಗೆ ಇದು ಅನ್ವಯಿಸುವುದಿಲ್ಲ.

ಲಾಲ್‌ಬಾಗ್ ನಿಲ್ದಾಣ ಇರುವುದು ತೋಟದ ಪಶ್ಚಿಮ ಗೇಟಿನ ಹತ್ತಿರ. ಹೆಚ್ಚಿನವರು ಅಲ್ಲಿಂದಲೇ ಒಳಗೆ ಹೋಗಿ, ಗಾಜಿನ ಮನೆ ನೋಡಿ, ಬಂದ ದಾರಿಯಲ್ಲೇ ವಾಪಸ್ಸಾಗುತ್ತಾರೆ. ಹಾಗೆ ಮಾಡಬೇಡಿ. ತೋಟ 240 ಎಕರೆ ಇದೆ, ನಡೆದಷ್ಟೇ ದೂರವನ್ನು ಮತ್ತೆ ನಡೆಯುವುದು ಮಂಡಿಗೆ ಶಿಕ್ಷೆ. ಪಶ್ಚಿಮ ಗೇಟಿನಲ್ಲಿ ಹೊಕ್ಕು, 1889ರ ಗಾಜಿನ ಮನೆ ನೋಡಿಕೊಂಡು, ಬಂಡೆಯ ಕಡೆ ನಡೆದು, ಮುಖ್ಯ ಗೇಟಿನಿಂದ ಹೊರಬನ್ನಿ. ಹಾದಿಯಲ್ಲಿ ಬೆಂಚುಗಳಿವೆ. ಅವರಾಗಿಯೇ ಕೇಳುವವರೆಗೆ ಕಾಯದೆ ಹದಿನೈದು ನಿಮಿಷಕ್ಕೊಮ್ಮೆ ಕೂರಿಸಿ. ಒಳಗೆ ಸುತ್ತಿಸುವ ಬ್ಯಾಟರಿ ವಾಹನವೂ ಇದೆ, ಮಂಡಿ ನೋವಿದ್ದರೆ ಹಣದ ಮುಖ ನೋಡದೆ ಅದನ್ನೇ ಹತ್ತಿ.

ಬಂಡೆಯನ್ನು ಮಾತ್ರ ತಪ್ಪಿಸಬೇಡಿ. ಸುಮಾರು 300 ಕೋಟಿ ವರ್ಷ ಹಳೆಯದು, ಮೇಲೆ ಕೆಂಪೇಗೌಡ ಗೋಪುರ. ದೂರದಿಂದ ಇಳಿಜಾರು ಸಲೀಸಾಗಿ ಕಾಣುತ್ತದೆ, ಆದರೆ ಹಿಡಿದುಕೊಳ್ಳಲು ಕಂಬಿಯಿಲ್ಲ, ಕಲ್ಲಿನ ಮೇಲೆ ಉದುರಿದ ಸಣ್ಣ ಮರಳು ನಯವಾದ ಚರ್ಮದ ಚಪ್ಪಲಿಯನ್ನು ಜಾರಿಸುತ್ತದೆ. ರಬ್ಬರ್ ಅಡಿಯ ಚಪ್ಪಲಿ ಹಾಕಿಸಿ. ನೇರ ಹತ್ತುವ ಬದಲು ಓರೆಯಾಗಿ, ಹಾವು ಹರಿದಂತೆ ಹತ್ತಿ. ಇಳಿಯುವಾಗ ನೀವು ಅವರಿಗಿಂತ ಒಂದು ಹೆಜ್ಜೆ ಕೆಳಗಿರಿ, ಏಕೆಂದರೆ ಮಂಡಿಗೆ ಭಾರ ಬೀಳುವುದು ಇಳಿಯುವಾಗಲೇ. ಮಳೆ ಬಿದ್ದಿದ್ದರೆ ಕೆಳಗೇ ನಿಂತು ನೋಡಿ ಸಾಕು. ಹತ್ತು ಗಂಟೆಯ ಮೇಲೆ ಕಲ್ಲು ಕಾಯುತ್ತದೆ, ನೆರಳೂ ಇಲ್ಲ, ಅದಕ್ಕೇ ಲಾಲ್‌ಬಾಗ್ ಬೆಳಗ್ಗೆಯೇ ಆಗಬೇಕು. ಸ್ವಾತಂತ್ರ್ಯ ದಿನ ಮತ್ತು ಗಣರಾಜ್ಯೋತ್ಸವದ ಆಸುಪಾಸಿನ ಫಲಪುಷ್ಪ ಪ್ರದರ್ಶನಕ್ಕೆ ಬಂದವರಾದರೆ ವಾರದ ನಡುವಿನ ದಿನ ಹೋಗಿ. ಶನಿವಾರ-ಭಾನುವಾರ ಗಾಜಿನ ಮನೆಯ ಸಾಲು ವಯಸ್ಸಾದವರು ನಿಲ್ಲುವಂಥದ್ದಲ್ಲ.

ತಿಂಡಿಯ ಲೆಕ್ಕಾಚಾರ ತಪ್ಪಿದರೆ ಇಡೀ ದಿನ ತಪ್ಪಿದಂತೆ. ಸಕ್ಕರೆ ಕಾಯಿಲೆಯವರು ಮಾತ್ರೆ ನುಂಗಿ, ಹೊಟ್ಟೆಗೇನೂ ಹಾಕದೆ ನಡೆಯಬಾರದು. ಮನೆಯಲ್ಲೇ ಎರಡು ಇಡ್ಲಿಯೋ ಒಂದು ಚಪಾತಿಯೋ ತಿಂದು ಹೊರಡಲಿ, ಹೋಟೆಲ್ ತಿಂಡಿ ಎರಡನೆಯ ಸುತ್ತು. ಮುಖ್ಯ ಗೇಟಿನಿಂದ ಹೊರಬಂದರೆ 1924ರಲ್ಲಿ ಶುರುವಾದ ಎಂ.ಟಿ.ಆರ್. ಹತ್ತಿರದಲ್ಲೇ ಇದೆ. ರವೆ ಇಡ್ಲಿ ಹುಟ್ಟಿದ್ದು ಅಲ್ಲೇ. ಸೋಮವಾರ ರಜೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋಗುವ ಮನಸ್ಸಿದ್ದರೆ ಅದಕ್ಕೆ ಶುಕ್ರವಾರ ರಜೆ. ವಾರಾಂತ್ಯದಲ್ಲಿ ಎರಡೂ ಕಡೆ ಕಾಯಬೇಕಾಗುತ್ತದೆ. ಕಾಯುವುದು ಮುಕ್ಕಾಲು ಗಂಟೆ ದಾಟುವಂತಿದ್ದರೆ ಹೆಸರಿನ ಆಸೆ ಬಿಟ್ಟು ಪಕ್ಕದ ಯಾವುದಾದರೂ ದರ್ಶಿನಿಗೆ ಹೋಗಿ, ಕೂರಲು ಕುರ್ಚಿ ಇರುವುದನ್ನು ಮಾತ್ರ ನೋಡಿಕೊಳ್ಳಿ. ಬೆಲೆಪಟ್ಟಿ ಅವರ ಕೈಗೆ ಹೋಗದಂತೆ ನೋಡಿಕೊಳ್ಳುವುದೂ ಒಂದು ಕೆಲಸವೇ. “ಒಂದು ದೋಸೆಗೆ ಇಷ್ಟಾ?” ಎಂದುಕೊಂಡವರು ಆಮೇಲೆ ಹಸಿವಿದ್ದರೂ ಏನೂ ಬೇಡ ಎನ್ನುತ್ತಾರೆ.

ಅಲ್ಲಿಂದ ಬಸವನಗುಡಿಗೆ ಆಟೊ. ಒಂದು ಆಟೊದಲ್ಲಿ ಮೂವರು ಮಾತ್ರ, ನಾಲ್ಕನೆಯವರಿದ್ದರೆ ಕ್ಯಾಬ್ ಮಾಡಿ. ಹನ್ನೊಂದರೊಳಗೆ ತಲುಪುವಂತಿರಬೇಕು. ಮೊದಲು ದೊಡ್ಡ ಗಣಪತಿ, ಅದು ಕೆಳಗೇ ಇದೆ. ದೊಡ್ಡ ಬಸವಣ್ಣನ ಗುಡಿ ಮೇಲಿದೆ, ಮೆಟ್ಟಿಲು ಹತ್ತಬೇಕು. ಕೆಂಪೇಗೌಡರು ಕಟ್ಟಿಸಿದ ಗುಡಿ, ಬಸವ ಒಂದೇ ಕಲ್ಲಿನದು. ಹೊಲ-ಎತ್ತು ನೋಡಿ ಬೆಳೆದ ಅಪ್ಪಂದಿರು ಇಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಾರೆ, ನಿಲ್ಲಲಿ. ಚಪ್ಪಲಿ ಬಿಟ್ಟ ಮೇಲೆ ಬಿಸಿಲಿಗೆ ಕಾದ ಕಲ್ಲು ಪಾದ ಸುಡುತ್ತದೆ, ಅದರಲ್ಲೂ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಸುಟ್ಟದ್ದು ಗೊತ್ತೇ ಆಗುವುದಿಲ್ಲ, ಸಂಜೆ ಬೊಬ್ಬೆ ಎದ್ದಿರುತ್ತದೆ. ಚೀಲದಲ್ಲಿ ಎರಡು ಜೊತೆ ಹಳೆಯ ಕಾಲುಚೀಲ ಇರಲಿ. ಕಾರ್ತಿಕದ ಕೊನೆಯ ಸೋಮವಾರ ಇಲ್ಲಿ ಕಡಲೆಕಾಯಿ ಪರಿಷೆ. ಜಾತ್ರೆ ಇಷ್ಟಪಡುವವರಿಗೆ ಅದಕ್ಕಿಂತ ಒಳ್ಳೆಯ ದಿನವಿಲ್ಲ, ಜನಜಂಗುಳಿ ಆಗದವರು ಆ ವಾರವಿಡೀ ಈ ಕಡೆ ಬರಬಾರದು. ಗಾಂಧಿ ಬಜಾರಿನಲ್ಲಿ ಹೂವು, ಹಣ್ಣು ನೋಡುತ್ತಾ ಅರ್ಧ ಗಂಟೆ ಅಡ್ಡಾಡಬಹುದು. ಸೀರೆ ಖರೀದಿಯನ್ನು ಈ ದಿನಕ್ಕೆ ಸೇರಿಸಬೇಡಿ, ಅದಕ್ಕೇ ಅರ್ಧ ದಿನ ಬೇಕು.

ಒಂದರೊಳಗೆ ಊಟ, ಆಮೇಲೆ ಎರಡು ಗಂಟೆ ಏನೂ ಬೇಡ. ಯೋಜನೆ ಹಾಕುವವರು ಮೊದಲು ಕತ್ತರಿಸುವುದು ಈ ಎರಡು ಗಂಟೆಯನ್ನೇ, ಸಂಜೆಯ ಸಿಡಿಮಿಡಿಗೆ ಕಾರಣವೂ ಅದೇ. ಮನೆ ಹತ್ತಿರವಿದ್ದರೆ ಹೋಗಿ ಮಲಗಲಿ. ವೈಟ್‌ಫೀಲ್ಡ್ ಕಡೆಯವರಿಗೆ ಅದು ಆಗದ ಮಾತು. ಅವರು ಬಸವನಗುಡಿ, ಜಯನಗರದಲ್ಲಿರುವ ನೆಂಟರ ಮನೆಗೆ ಹೋಗಬಹುದು, ಅದೂ ಇಲ್ಲದಿದ್ದರೆ ನೇರ ಕಬ್ಬನ್ ಪಾರ್ಕಿನ ಮರದ ನೆರಳು. ಅಮ್ಮಂದಿರ ವಿಷಯದಲ್ಲಿ ಇನ್ನೊಂದು: ಶೌಚಾಲಯ ಸಿಗುತ್ತದೋ ಇಲ್ಲವೋ ಎಂಬ ಅಳುಕಿಗೆ ಬೆಳಗ್ಗೆಯಿಂದ ನೀರೇ ಕುಡಿದಿರುವುದಿಲ್ಲ. ಮಧ್ಯಾಹ್ನದ ತಲೆನೋವು ಬಹುಪಾಲು ಬಿಸಿಲಿನದಲ್ಲ, ನೀರು ಕುಡಿಯದೇ ಇದ್ದದ್ದರದು. ಮೆಟ್ರೊ ನಿಲ್ದಾಣ, ತಿಂಡಿ ತಿಂದ ಹೋಟೆಲ್, ಊಟದ ಹೋಟೆಲ್, ಪ್ರತಿ ಕಡೆಯೂ “ಇಲ್ಲಿ ಶೌಚಾಲಯ ಚೆನ್ನಾಗಿದೆ, ಹೋಗಿ ಬನ್ನಿ” ಎಂದು ನೀವೇ ಹೇಳಿ.

ಸಂಜೆಗೆ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ. ಮಾರ್ಗ ಬದಲಿಸುವಾಗ ನಡಿಗೆಯೂ ಇದೆ, ನೂಕುನುಗ್ಗಲೂ ಇದೆ. ನಾಲ್ಕು ಗಂಟೆಯ ಸುಮಾರಿಗೆ ದಾಟಿದರೆ ಸಲೀಸು, ಐದೂವರೆಯ ಮೇಲೆ ಆಗದು. ಮೆಜೆಸ್ಟಿಕ್‌ನಿಂದ ಎರಡನೆಯದು ವಿಧಾನಸೌಧ ನಿಲ್ದಾಣ. ಎದುರು ರಸ್ತೆಯಲ್ಲಿ ನಿಂತರೆ 1956ರ ಆ ಕಲ್ಲಿನ ಕಟ್ಟಡ ಪೂರ್ತಿ ಕಾಣುತ್ತದೆ, ಬೆನ್ನ ಹಿಂದೆ ಕೆಂಪು ಬಣ್ಣದ ಅಠಾರಾ ಕಚೇರಿ, ಅಂದರೆ ಹೈಕೋರ್ಟ್. ವಿಧಾನಸೌಧ ಕಟ್ಟಿಸಿದ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರ ಹೆಸರು ಬಂದರೆ ಅಪ್ಪನ ಮಾತು ಶುರುವಾಗುತ್ತದೆ, ಆಗ ನೀವು ಫೋನ್ ಒಳಗಿಡಿ. ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆ ದೀಪ ಹಾಕುತ್ತಾರೆ, ಆದಷ್ಟು ಅಂಥ ದಿನವನ್ನೇ ಆರಿಸಿಕೊಳ್ಳಿ. ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ. ನಡೆಯಲು ಅದು ಒಳ್ಳೆಯದೇ, ಆದರೆ ಕ್ಯಾಬ್ ಹತ್ತಲು ಹೊರಗಿನ ರಸ್ತೆಗೆ ಬರಬೇಕು.

ಮೇನಿಂದ ಅಕ್ಟೋಬರ್‌ವರೆಗೆ ಬೆಂಗಳೂರಿನ ಮಳೆ ಹೆಚ್ಚಾಗಿ ಸುರಿಯುವುದು ಸಂಜೆಯ ಹೊತ್ತಿಗೆ. ಮೂರು ಗಂಟೆಗೆ ಮೋಡ ಕಟ್ಟಿದ್ದರೆ ದೀಪದ ಆಸೆ ಬಿಟ್ಟು ಬೆಳಕಿರುವಾಗಲೇ ವಿಧಾನಸೌಧ ನೋಡಿಬಿಡಿ. ಮಳೆ ಶುರುವಾದ ಮೇಲೆ ಆಟೊ, ಕ್ಯಾಬ್ ಎರಡೂ ಸಿಗುವುದು ದುಸ್ತರ, ಆಗ ಮೆಟ್ರೊ ನಿಲ್ದಾಣದೊಳಗೆ ಹೋಗಿ ನಿಲ್ಲುವುದೇ ಸರಿ. ಅದೇ ರಾತ್ರಿ ಊರಿನ ಬಸ್ಸಿದ್ದರೆ ಲಗೇಜನ್ನು ಬೆಳಗ್ಗೆಯಿಂದ ಹೊತ್ತು ತಿರುಗಬೇಡಿ. ಏಳಕ್ಕೆ ಮನೆಗೆ ಮರಳಿ, ಮೊಸರನ್ನ ಉಂಡು, ಕಾಲಿಗೆ ಬಿಸಿನೀರು ಹಾಕಿಕೊಂಡು ಹೊರಡುವುದಕ್ಕೆ ಸಮಯ ಸಿಗುವಂತೆ ಹತ್ತರ ಮೇಲಿನ ಬಸ್ಸಿಗೇ ಟಿಕೆಟ್ ಮಾಡಿಸಿ.