ಒಂದೇ ಹಲ್ಲು ಎಂದು ಮಾರಿದ ಎರಡು ಹಲ್ಲು

ಹದಿನಾಲ್ಕು ವರ್ಷಗಳಿಂದ ಮ್ಯೂನಿಕ್‌ನ ಲ್ಯಾಬ್ ಒಂದರಲ್ಲಿ ಹಲ್ಲಿಗೆ ಕ್ರೌನ್ ಮಾಡುವುದು ನನ್ನ ಕಸುಬು. ಆ ಕಾರಣಕ್ಕೇ ಇರಬೇಕು, ಅಣ್ಣನ ಮಗ ಖನಿಜ ಮೇಳದಲ್ಲಿ ಕೊಂಡ, ಸ್ಪೈನೊಸಾರಸ್ ಎಂಬ ಡೈನೊಸಾರಿನ ಕಲ್ಲಾದ ಹಲ್ಲನ್ನು ನನ್ನ ಮೇಜಿನ ಮೇಲಿಟ್ಟು, "ನೀವೇ ನೋಡಿ ಹೇಳಿ ಚಿಕ್ಕಪ್ಪ" ಎಂದ. ಹನ್ನೊಂದು ಸೆಂಟಿಮೀಟರ್ ಉದ್ದ. ಮೊರಾಕ್ಕೊದ ಕೆಮ್ ಕೆಮ್ ಎಂಬ ಕಲ್ಲಿನ ಪದರಗಳದ್ದು, ಸುಮಾರು 10 ಕೋಟಿ ವರ್ಷ ಹಳೆಯದು, ಬೇರು ಸಮೇತ ಒಂದೇ ತುಂಡು ಎಂದು ಮಾರಿದವನು ಹೇಳಿದ್ದನಂತೆ.

ಬೇರು ಸಮೇತ ಎಂದ ಕೂಡಲೇ ನನಗೆ ಅನುಮಾನ ಬಂತು. ಈ ಪ್ರಾಣಿಗಳಿಗೆ ಬದುಕಿರುವವರೆಗೂ ಹೊಸ ಹಲ್ಲು ಬರುತ್ತಿತ್ತು. ಕೆಳಗಿನಿಂದ ಹೊಸದು ಬರುವಾಗ ಹಳೆಯದರ ಬೇರು ಕರಗಿ, ಮೇಲಿನ ಭಾಗ ಮಾತ್ರ ಉದುರುತ್ತಿತ್ತು. ಬೇರಿರುವ ಹಲ್ಲು ಸಿಗುವುದೇ ಇಲ್ಲವೆಂದಲ್ಲ, ಆದರೆ ಅಪರೂಪ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು ತುದಿಯಿಂದ ಕೆಳಗೆ ಬಂದೆ. ಸ್ಪೈನೊಸಾರಸ್ ಹಲ್ಲು ಮಾಂಸ ಹರಿಯುವ ಚೂರಿಯಂತಲ್ಲ, ಮೀನು ಹಿಡಿಯುವ ಶಂಕು. ಹೊರಗಿನ ಗಟ್ಟಿ ಪದರವಾದ ಎನಾಮಲ್ ಮೇಲೆ ಉದ್ದುದ್ದಕ್ಕೆ ಸಣ್ಣ ಏಣುಗಳಿರುತ್ತವೆ. ನಾನು ಆ ಏಣುಗಳನ್ನೇ ಹಿಂಬಾಲಿಸಿದೆ. ಅರ್ಧದಾರಿಯಲ್ಲಿ ಹಲ್ಲನ್ನು ಉಂಗುರದಂತೆ ಸುತ್ತಿದ ಕೆಂಪು ಮರಳಿನ ಪಟ್ಟಿಯೊಳಗೆ ಅವು ಹೊಕ್ಕವು. ಆಚೆ ಬದಿಯಲ್ಲಿ ಹೊರಬಂದ ಏಣುಗಳು ಬೇರೆ ಅಗಲದವು, ಬೇರೆ ಸಾಲಿನವು. ಬಿರುಕುಗಳೂ ಅಲ್ಲಿಗೇ ನಿಂತಿದ್ದವು. ನಿಜವಾದ ಬಿರುಕು ಮರಳಿನ ಕೆಳಗೂ ಸಾಗಿ ಆಚೆ ತಲೆಯೆತ್ತಬೇಕು.

ದೀಪ ಆರಿಸಿ ಯುವಿ ಟಾರ್ಚ್ ಹಿಡಿದೆ. ಹಲ್ಲು ಮಂಕಾಗಿತ್ತು, ಪಟ್ಟಿ ಮಾತ್ರ ಅದರೊಳಗಿನ ಅಂಟಿನಿಂದ ನೀಲಿ ಬಿಳುಪಾಗಿ ಹೊಳೆಯಿತು. (ಹೊಳೆಯದ ಅಂಟುಗಳೂ ಇವೆ, ಆದ್ದರಿಂದ ಹೊಳೆಯದಿದ್ದರೆ ನಿಶ್ಚಿಂತರಾಗಬೇಡಿ.) ಲೂಪ್‌ನಲ್ಲಿ ಮತ್ತೆ ನೋಡಿದರೆ ಮರಳಿನ ಕಣಗಳ ನಡುವೆ ಗಾಳಿಗುಳ್ಳೆಗಳು. ಕಲ್ಲಾದ ಮರಳಿನಲ್ಲಿ ಅಂಥ ದುಂಡನೆಯ ಗುಳ್ಳೆ ಇರುವುದಿಲ್ಲ. ರೆಸಿನ್ ಕಲಸುವಾಗ ನನ್ನ ಕೈಯಲ್ಲೂ ಏಳುವ ಗುಳ್ಳೆಯೇ ಅದು. ಕೊನೆಗೆ ಹತ್ತಿಯನ್ನು ಅಸಿಟೋನ್‌ನಲ್ಲಿ ಅದ್ದಿ ಮೂಲೆಯೊಂದರಲ್ಲಿ ಒತ್ತಿದೆ. ಮರಳು ಹತ್ತಿಗೆ ಬಂತು. ಹುಡುಗ ಒಪ್ಪಿದ ಮೇಲೆ ಸಂಜೆಯವರೆಗೆ ನೆನೆಸಿಟ್ಟೆವು. ಕೈಯಲ್ಲಿ ಉಳಿದದ್ದು ಎರಡು ಪ್ರಾಣಿಗಳ ಎರಡು ತುಂಡುಗಳು.

ಹುಡುಗನ ಮುಖ ಸಪ್ಪಗಾಯಿತು. ನನಗೆ ಬಂದದ್ದು ಕೋಪ. ಅಗೆಯುವಾಗ ಮುರಿದ ಹಲ್ಲನ್ನು ಅದರದೇ ತುಂಡಿಗೆ ಅಂಟಿಸುವುದು ತಪ್ಪಲ್ಲ, ಅದನ್ನು ಹೇಳಿ ಮಾರಿದರೆ ನಾನೂ ಕೊಳ್ಳುತ್ತೇನೆ. ಇದು ರಿಪೇರಿಯಲ್ಲ. ಇಂಥ ಹಲ್ಲನ್ನು ನಂಬಿ ಯಾರಾದರೂ ಅಳತೆ ಬರೆದುಕೊಂಡರೆ, ಎಂದೂ ಬದುಕಿರದ ಪ್ರಾಣಿಯ ಲೆಕ್ಕ ಅದು.

ನಾವಿರುವ ಊರಿನಲ್ಲಿ ಈ ಮಾತು ಇನ್ನಷ್ಟು ಚುಚ್ಚುತ್ತದೆ. ಈಜಿಪ್ಟಿನ ಬಹರಿಯಾದಲ್ಲಿ ಸಿಕ್ಕ ಮೊದಲ ಸ್ಪೈನೊಸಾರಸ್ ಮೂಳೆಗಳನ್ನು 1915ರಲ್ಲಿ ವಿವರಿಸಿದವರು ಜರ್ಮನಿಯ ಪಳೆಯುಳಿಕೆ ತಜ್ಞ ಅರ್ನ್ಸ್ಟ್ ಸ್ಟ್ರೋಮರ್. ಆ ಮೂಳೆಗಳು ಮ್ಯೂನಿಕ್‌ನಲ್ಲೇ ಇದ್ದವು, 1944ರ ಏಪ್ರಿಲ್‌ನ ಬಾಂಬ್ ದಾಳಿಯಲ್ಲಿ ನಾಶವಾದವು. ಉಳಿದದ್ದು ಅವರ ಬರಹ, ಚಿತ್ರಗಳು ಮತ್ತು ಕೆಲವು ಫೋಟೊಗಳು. ಅವರು ಕಂಡದ್ದನ್ನು ಕಂಡಂತೆ ಬರೆದಿಟ್ಟಿದ್ದರಿಂದಲೇ ಆ ಮೊದಲ ಮೂಳೆಗಳು ಹೇಗಿದ್ದವೆಂದು ನಮಗೆ ಗೊತ್ತು ಎಂದು ಹುಡುಗನಿಗೆ ಹೇಳಿದೆ.

ಅವನು ಎರಡು ಚಿಕ್ಕ ಡಬ್ಬಿಗಳನ್ನು ತಂದ. ಮೊದಲನೆಯದರ ಚೀಟಿಯಲ್ಲಿ "ತುದಿ, 58 ಮಿಲಿಮೀಟರ್, ಅಂಟು ತೆಗೆದದ್ದು" ಎಂದು ಬರೆದ. ಎರಡನೆಯದರಲ್ಲಿ "ಬುಡ, ಬೇರೆ ಹಲ್ಲಿನದು".